ಸಮಪಾಲಿನ ಮಾತ್ರೆ

ಮಾತ್ರೆ ಎಣಿಸಲೆಂದು ಸಂಶೋಧಕಿ ದೊಡ್ಡಮ್ಮನ ಸೀಸೆಯನ್ನು ತಟ್ಟೆಗೆ ಸುರಿದಾಗ ಉಳಿದ ಮಾತ್ರೆಗಳ ಜೊತೆಗೆ ಎರಡು ಹೋಳುಗಳೂ ಬಿದ್ದವು. ಚಿಕ್ಕಮ್ಮನ ಸೀಸೆಯಲ್ಲೂ ಎರಡು ಹೋಳು. ಅವಳು ಜೋಡಿಸಿ ನೋಡಿದಳು. ಒಂದೇ ಸೀಸೆಯ ಹೋಳುಗಳು ಒಂದಕ್ಕೊಂದು ಕೂಡಲಿಲ್ಲ. ಈ ಸೀಸೆಯ ಹೋಳು ಆ ಸೀಸೆಯ ಹೋಳಿಗೆ ಮಾತ್ರ, ಪದ್ಯದ ಸಾಲಿಗೆ ಪ್ರಾಸ ಕೂಡಿದ ಹಾಗೆ, ಸರಿಯಾಗಿ ಕೂಡಿತು.

“ದೊಡ್ಡಮ್ಮ, ಇದೇನಿದು?”

ಅವಳು ದೊಡ್ಡಮ್ಮ, ಚಿಕ್ಕಮ್ಮ ಎಂದು ಕರೆಯುತ್ತಿದ್ದ ಓರಗಿತ್ತಿಯರು ಎದುರಿಗೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದು, ಒಂದೇ ಒಲೆಯ ಮುಂದೆ ಮುದುಕಿಯರಾದವರು. ಇಬ್ಬರಿಗೂ ಸೇರಿ ಇದ್ದ ಒಂದೇ ಊರುಗೋಲು ಮೇಜಿಗೆ ಒರಗಿತ್ತು.

“ಇವತ್ತಿಂದು ಕಣಮ್ಮ. ಬಸ್ಸಲ್ಲಿ ಹೊಟ್ಟೆ ತೊಳಸುತ್ತೆ ಅಂತ ತಗೊಂಡಿಲ್ಲ. ಮನೆಗೆ ಹೋಗಿ ತಗೋತೀವಿ,” ಎಂದಳು ಹಿರಿಯಾಕೆ, ಏನೂ ಆಗಿಲ್ಲವೆಂಬಂತೆ.

“ಅದಲ್ಲ, ಅರ್ಧ ಯಾಕಾಯ್ತು?”

“ನನ್ನದರಲ್ಲಿ ಅರ್ಧ ಇವಳಿಗೆ, ಇವಳದರಲ್ಲಿ ಅರ್ಧ ನನಗೆ. ಕೆಲವು ಸೀಸೇಲಿ ಗಿಡದ ಸತ್ವ, ಕೆಲವದರಲ್ಲಿ ಬರೀ ಹಿಟ್ಟು ಅಂತ ನೀನೇ ಹೇಳಿದ್ದಲ್ವಾ?”

“ಅಕ್ಕ ಕತ್ತರಿಸೋದು, ನಾನು ಆರಿಸೋದು,” ಕಿರಿಯಾಕೆ ವಿವರಿಸಿದಳು. “ಆಮೇಲೆ ತಕರಾರು ಬರಬಾರದು ನೋಡು. ಮೊದಮೊದಲು ಪುಡಿ ಆಗ್ತಿತ್ತು. ಈಗ ಅಕ್ಕನ ಕೈ ಕೂತಿದೆ.”

ಸಂಶೋಧಕಿ ತಲೆಯ ಮೇಲೆ ಕೈಹೊತ್ತು ಕೂತಳು. ವಯಸ್ಸಾದಂತೆ ಸವೆಯುವ ಮೂಳೆಯನ್ನು ಒಂದು ಗಿಡದ ಬೇರಿನ ಸತ್ವ ಕಾಪಾಡಬಲ್ಲುದೇ ಎಂಬುದು ಅವಳ ಅಧ್ಯಯನ. ಯಾರಿಗೆ ಸತ್ವ, ಯಾರಿಗೆ ಹಿಟ್ಟು ಎಂಬುದು ನುಂಗುವವರಿಗೂ ತಿಳಿಯದು, ಕೊಡುವ ಅವಳಿಗೂ ತಿಳಿಯದು. ಗುರುತು ಸಿಗದಿರಲೆಂದು ಎರಡಕ್ಕೂ ಬೆರೆಸಿದ್ದ ಒಂದೇ ಕಹಿ ತಾಳಲಾರದೆ ಆಗಲೇ ಎಷ್ಟೋ ಜನ ಬಿಟ್ಟುಹೋಗಿದ್ದರು. ಇನ್ನಿಬ್ಬರು ಕಳೆದರೆ ಜನ ಸಾಲದೆ ಅಧ್ಯಯನವೇ ನಿಲ್ಲುತ್ತಿತ್ತು.

“ಹೀಗೆ ಬೆರೆಸಿದ್ರೆ ಔಷಧಿ ನಾಟುತ್ತೋ ಇಲ್ವೋ ಅಂತ ನನಗೆ ಹೇಗೆ ಗೊತ್ತಾಗಬೇಕು? ನನ್ನ ಕೆಲಸವೆಲ್ಲ ನೀರಲ್ಲಿ ಹೋಮ ಆಯ್ತು, ದೊಡ್ಡಮ್ಮ!”

ಹಿರಿಯಾಕೆಯ ಮುಖ ಸಣ್ಣದಾಯಿತು. “ಹೋದ ವರ್ಷ ಇವಳು ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರ್ಕೊಂಡ್ಳು. ಸತ್ವ ಎಲ್ಲಾ ನನ್ನ ಸೀಸೇಲೇ ಇದ್ದು, ನಾಳೆ ಇವಳ ಸೊಂಟ ಮುರಿದ್ರೆ? ಗಟ್ಟಿ ಮೂಳೆ ಇಟ್ಕೊಂಡು ನಾನೊಬ್ಬಳು ಏನು ಮಾಡಲಿ ತಾಯಿ, ಮನೆಗೆ ಕಂಬ ಆಗಿ ನಿಲ್ಲಲಾ?”

ಸಂಶೋಧಕಿ ಎರಡೂ ಸೀಸೆಗಳನ್ನು ಕೈಗೆತ್ತಿಕೊಂಡಳು. ಯಾವ ಸೀಸೆಯಲ್ಲಿ ಏನಿದೆ ಎಂಬ ಗುಟ್ಟು ಗೊತ್ತಿದ್ದದ್ದು ಕೆಳಗಿನ ಔಷಧಿ ಕೋಣೆಯ ಹಿರಿಯರೊಬ್ಬರಿಗೇ. ಅವರಿಗೆ ಫೋನ್ ಮಾಡಿ, ನಡೆದದ್ದನ್ನು ಹೇಳಿ, ಎರಡೂ ಸೀಸೆಗಳ ಸಂಖ್ಯೆ ಓದಿದಳು. ಆ ಕಡೆ ಪಟ್ಟಿಯ ಹಾಳೆ ಮಗುಚಿದ ಸದ್ದಾಯಿತು. ಆಮೇಲೆ ನಗು ಕೇಳಿಸಿತು.

“ಎರಡೂ ಒಂದೇ ಬಗೆ ಕಣಮ್ಮ. ಯಾವ ಬಗೆ ಅಂತ ಮಾತ್ರ ಕೇಳಬೇಡ. ನೀನು ಕಣ್ಣಿಗೆ ಬಟ್ಟೆ ಕಟ್ಕೊಂಡೇ ಇರು.”

ಸಂಶೋಧಕಿಗೆ ಹೋದ ಜೀವ ಬಂದಂತಾಯಿತು. “ಎರಡೂ ಒಂದೇ ಅಂತೆ! ಯಾರದ್ದು ಯಾರು ತಿಂದ್ರೂ ವ್ಯತ್ಯಾಸ ಇಲ್ಲ. ಏನೂ ಕೆಟ್ಟಿಲ್ಲ!”

ಓರಗಿತ್ತಿಯರಿಗೆ ಅಂಥ ಸಂತೋಷವೇನೂ ಆದಂತೆ ಕಾಣಲಿಲ್ಲ.

“ಹಾಗಾದ್ರೆ ದಿನಾ ಬೆಳಗ್ಗೆ ಕನ್ನಡಕ ಹಾಕ್ಕೊಂಡು, ಚಾಕು ಹಿಡ್ಕೊಂಡು ಕೂತಿದ್ದು ದಂಡವಾ?” ಎಂದಳು ಹಿರಿಯಾಕೆ.

“ನಾನು ದೊಡ್ಡ ಹೋಳನ್ನೇ ಆರಿಸಿ ಪಾಪ ಕಟ್ಕೊಂಡಿದ್ದೂ ದಂಡ,” ಎಂದಳು ಕಿರಿಯಾಕೆ. ಮರುಗಳಿಗೆ ಅವಳ ಹುಬ್ಬು ಗಂಟಿಕ್ಕಿತು. “ಅಕ್ಕ, ಎರಡೂ ಹಿಟ್ಟೇ ಆಗಿದ್ರೆ?”

“ಆಗಿದ್ರೆ ಇಬ್ಬರೂ ಒಟ್ಟಿಗೇ ಮುರ್ಕೊಳ್ಳೋಣ ಬಿಡೆ. ಒಂದೇ ಕೋಣೇಲಿ ಮಂಚ ಹಾಕ್ತಾರೆ.”

“ಇನ್ಮೇಲೆ ಅವರವರ ಸೀಸೆ ಅವರವರಿಗೆ,” ಸಂಶೋಧಕಿ ಬೆರಳೆತ್ತಿ ಹೇಳಿದಳು. “ಏನನ್ನೂ ಹಂಚ್ಕೋಬಾರದು. ಮಾತು ಕೊಡಿ.”

ಇಬ್ಬರೂ ಒಳ್ಳೆಯ ಮಕ್ಕಳಂತೆ ತಲೆಯಾಡಿಸಿದರು. ಲಿಫ್ಟ್ ಬೇಡವೆಂದು ಮೆಟ್ಟಿಲಿಗೇ ಹೋದರು. ಸಂಶೋಧಕಿ ಬಾಗಿಲಲ್ಲಿ ನಿಂತು ನೋಡಿದಳು. ಹಿರಿಯಾಕೆ ಊರುಗೋಲು ಊರುತ್ತ, ಕಿರಿಯಾಕೆ ಕಂಬಿ ಹಿಡಿದು, ಒಂದೊಂದೇ ಹೆಜ್ಜೆ ಇಳಿದರು. ಸರಿಯಾಗಿ ಅರ್ಧಕ್ಕೆ, ಮೆಟ್ಟಿಲು ತಿರುಗುವಲ್ಲಿ ಇಬ್ಬರೂ ನಿಂತರು.

ಊರುಗೋಲು ಕೈ ಬದಲಾಯಿಸಿತು.