ಹೆಡ್‌ಮೇಷ್ಟ್ರು ಮತ್ತು ಆಡು

ದೋಣಿ ದಡ ಮುಟ್ಟಿತು. ಇಳಿಯಲೆಂದು ಆಡು ಮುಂಗಾಲೆತ್ತಿತು. ಅಷ್ಟೇ, ಕಂಪ್ಯೂಟರಿನ ಇಡೀ ಪರದೆ ಕಲ್ಲಾಗಿ ನಿಂತಿತು. ನೀರು ಹರಿಯದು, ಅಂಬಿಗ ಮಿಸುಕಾಡನು, ಆಡಿನ ಕಾಲು ಗಾಳಿಯಲ್ಲೇ.

"ನೋಡು, ಮತ್ತೆ!" ಎಂದು ಕುರ್ಚಿಯಿಂದ ಎದ್ದೇಬಿಟ್ಟ ತಮ್ಮ. ಆಟ ಅವನದು, ವರ್ಷಗಟ್ಟಲೆ ಕೂತು ಬರೆದದ್ದು. ಅದನ್ನು ಕೊಳ್ಳಬಹುದಾದ ಕಂಪನಿಯ ಮೇಡಂ ಇವತ್ತು ಊಟ ಮುಗಿಸಿ ಬರುವವರಿದ್ದರು.

"ಕೂತ್ಕೋ. ಈಗ ನೋಡೋಣ," ಎಂದು ಪಕ್ಕದ ಮೇಜಿನಲ್ಲಿದ್ದ ಅವನ ಅಕ್ಕ ತನ್ನ ಟೂಲನ್ನು ಆಟಕ್ಕೆ ಜೋಡಿಸಿದಳು. ಆಟ ಓಡುತ್ತಿರುವಾಗ ಒಳಗೆ ಯಾವುದು ಏನು ಮಾಡುತ್ತಿದೆ ಎಂದು ಒಂದೊಂದನ್ನೂ ಗಮನಿಸಿ ಇನ್ನೊಂದು ಪರದೆಯ ಮೇಲೆ ತೋರಿಸುವ ಟೂಲ್ ಅದು. ಅಕ್ಕ ತಾನೇ ಕಟ್ಟಿದ್ದು. ಎಲ್ಲರ ಮೇಲೂ ಕಣ್ಣಿಡುತ್ತದೆಂದು ತಮ್ಮ ಅದಕ್ಕೆ ಹೆಡ್‌ಮೇಷ್ಟ್ರು ಎಂದು ಹೆಸರಿಟ್ಟಿದ್ದ. ಮೇಷ್ಟ್ರು ಬಂದು ಕೂತದ್ದೇ ತಡ, ದೋಣಿ ದಡ ಮುಟ್ಟಿತು, ಆಡು ಚಂಗನೆ ಹಾರಿ ಹುಲ್ಲಿಗೆ ಬಾಯಿ ಹಾಕಿತು. ಎಷ್ಟು ಸಲ ಆಡಿದರೂ ಹಾಗೇ. ಟೂಲ್ ತೆಗೆದರೆ ಮತ್ತೆ ಕಲ್ಲು.

"ಮೇಷ್ಟ್ರಿದ್ರೆ ಎಲ್ಲಾ ಒಳ್ಳೆ ಮಕ್ಕಳು!" ತಮ್ಮನ ಮುಖ ಅರಳಿತು. "ಅಕ್ಕಾ, ತಲೆ ಕೆಡಿಸ್ಕೋಬೇಡ. ಮೇಡಂ ಬಂದಾಗ ಟೂಲ್ ಹಾಕೇ ಇಡೋಣ. ಆ ಕಡೆ ಪರದೆ ಆಫ್ ಮಾಡಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಆಮೇಲೆ? ಆಟ ಕೊಂಡವರ ಮನೆಮನೆಗೂ ನಾನು ಹೋಗಿ ಕೂರ್ಲಾ?"

"ಮೊದಲು ಅವರು ಒಪ್ಕೊಳ್ಳಲಿ. ಆಮೇಲೆ ನಿಧಾನಕ್ಕೆ ಸರಿ ಮಾಡೋಣ."

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಮೇಡಂ ಊಟಕ್ಕೂ ಮುಂಚೆಯೇ ಬಂದುಬಿಟ್ಟಿದ್ದರು. ತಮ್ಮ ಗಡಿಬಿಡಿಯಲ್ಲಿ ಟೂಲ್ ಜೋಡಿಸಲು ಹೋದ. ಅಕ್ಕ ಮೌಸಿನ ಮೇಲಿದ್ದ ಅವನ ಕೈಯನ್ನು ಮೆಲ್ಲಗೆ ಸರಿಸಿದಳು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಆಟ ಚೆನ್ನಾಗಿದೆ. ಆದ್ರೆ ದೋಣಿ ದಡ ಮುಟ್ಟಿದ ತಕ್ಷಣ ನಿಂತುಹೋಗುತ್ತೆ. ನನ್ನ ಟೂಲ್ ಹಾಕಿದ್ರೆ ನಿಲ್ಲಲ್ಲ. ಯಾಕೇಂತ ನಿಮ್ಮೆದುರಿಗೇ ಹುಡುಕ್ತೀನಿ."

ಅಕ್ಕನನ್ನು ತಮ್ಮ ನೋಡಿದ ನೋಟಕ್ಕೆ ಹಸಿ ಕಟ್ಟಿಗೆಯೂ ಹೊತ್ತಿಕೊಳ್ಳುತ್ತಿತ್ತು. ಮೇಡಂ ಕೂತರೇನೋ ಸರಿ, ಆದರೆ ಕೈಚೀಲವನ್ನು ಭುಜದಿಂದ ಇಳಿಸಲಿಲ್ಲ. "ಟೂಲ್ ಹಾಕಿದ್ರೆ ತಪ್ಪೇ ಬರಲ್ಲ ಅಂತೀರಿ. ಬರದೇ ಇರೋದನ್ನ ಹೇಗೆ ಹಿಡೀತೀರಿ?"

"ಟೂಲ್ ಯಾವುದನ್ನ ನೋಡುತ್ತೋ ಅದು ಒಂಚೂರು ತಡ ಆಗುತ್ತೆ ಮೇಡಂ. ಕಣ್ಣು ಮಿಟುಕಿಸೋದಕ್ಕಿಂತ ಕಮ್ಮಿ. ಅಷ್ಟೇ ತಡಕ್ಕೆ ಈ ತಪ್ಪು ಮಾಯ ಆಗ್ತಿದೆ. ಯಾವುದು ತಡ ಆದಾಗ ಅಂತ ಗೊತ್ತಾದ್ರೆ ಸಾಕು. ಈಗ ಒಂದೊಂದರ ಮೇಲಿಂದಲೂ ಕಣ್ಣು ತೆಗೀತಾ ಹೋಗ್ತೀನಿ. ಯಾರ ಮೇಲಿಂದ ತೆಗೆದಾಗ ಆಟ ನಿಲ್ಲುತ್ತೋ ಅವರೇ ಕಳ್ಳರು."

ನೀರಿನ ಮೇಲಿನ ಕಾವಲು ತೆಗೆದಳು. ಆಟ ಓಡಿತು. ಅಂಬಿಗನನ್ನು ಬಿಟ್ಟಳು, ಓಡಿತು. ದೋಣಿಯನ್ನು, ಗಾಳಿಯನ್ನು, ದೂರದ ಹಕ್ಕಿಗಳನ್ನೂ ಬಿಟ್ಟಳು. ಓಡುತ್ತಲೇ ಇತ್ತು. ತಮ್ಮ ಉಗುರು ಕಚ್ಚುತ್ತ ನಿಂತಿದ್ದ. ಅಕ್ಕನ ಬೆರಳುಗಳು ಮಾತ್ರ ಹುರುಳಿಕಾಯಿ ಸೋಸುವವರ ಹಾಗೆ ನಿರಾಳ. ಕೊನೆಗೆ ಆಡಿನ ಮೇಲಿಂದ ಕಣ್ಣು ತೆಗೆದಳು. ಪರದೆ ಕಲ್ಲಾಯಿತು.

"ಸಿಕ್ತು!" ಎಂದು ಅಕ್ಕ ಕುರ್ಚಿ ಹಿಂದಕ್ಕೆ ತಳ್ಳಿದಳು. "ಎಲ್ಲಿ ಅಂತ ನಾನು ಹೇಳಿದೆ. ಯಾಕೆ ಅಂತ ಹೇಳ್ಬೇಕಾದವನು ಈ ಆಡಿನ ಅಪ್ಪ."

ತಮ್ಮ ಬಗ್ಗಿ ನೋಡಿದ. ಅವನ ಕೋಪ ಎಲ್ಲಿ ಹೋಯಿತೋ. "ಅಯ್ಯೋ! ಹೋದ ವಾರ ಆಡಿಗೆ ಅವಸರ ಜಾಸ್ತಿ ಮಾಡಿದ್ದೆ, ಹುಲ್ಲು ಕಂಡ ಆಡು ನಿಧಾನಕ್ಕೆ ಇಳಿಯುತ್ತಾ ಅಂತ. ಈಗ ಅದು ದಡ ತಯಾರಾಗೋ ಮುಂಚೆನೇ ಕಾಲೆತ್ತುತ್ತೆ. ದಡ ಜಾಗ ಕೊಡ್ಲಿ ಅಂತ ಆಡು, ಆಡು ಕಾಲಿಡ್ಲಿ ಅಂತ ದಡ. ಬಾಗಿಲಲ್ಲಿ ಇಬ್ಬರು 'ನೀವು ಮೊದಲು, ನೀವು ಮೊದಲು' ಅಂತ ನಿಂತ ಹಾಗೆ!"

ಕುರ್ಚಿ ಎಳೆದುಕೊಂಡು ಒಂದಿಷ್ಟು ಅಳಿಸಿದ, ಒಂದು ಸಾಲು ಬರೆದ. ಟೂಲನ್ನು ಪೂರ್ತಿ ತೆಗೆದು ಮೌಸನ್ನು ಮೇಡಂ ಕೈಗೇ ಕೊಟ್ಟ. ದೋಣಿ ದಡ ಮುಟ್ಟಿತು, ಆಡು ಹಾರಿತು. ಮೇಡಂ ಮುಂದಿನ ದಡಕ್ಕೂ ಹೋದರು, ಅದರಾಚೆಯ ದಡಕ್ಕೂ.

ಆಟದಿಂದ ತಲೆಯೆತ್ತಿದವರೇ ಅಕ್ಕನ ಕಡೆ ತಿರುಗಿದರು. "ಆಟ ಪರವಾಗಿಲ್ಲ. ಆದ್ರೆ ಆಟಗಳು ನಮ್ಮ ಹತ್ರ ಬೇಕಾದಷ್ಟಿವೆ. ಇಲ್ಲದೇ ಇರೋದು ಈ ಟೂಲು. ನಮ್ಮ ಪ್ರೋಗ್ರಾಮರ್‌ಗಳೆಲ್ಲ ಇಂಥದಕ್ಕೇ ದಿನಗಟ್ಟಲೆ ತಲೆ ಚಚ್ಚಿಕೊಳ್ತಾರೆ. ನಮಗೆ ಕೊಡ್ತೀರಾ?"

ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ ತಮ್ಮ. "ಕೊಡು ಅಕ್ಕಾ," ಎಂದ. "ನೀನು ಕಷ್ಟಪಟ್ಟು ಕಟ್ಟಿದ್ದು. ನನ್ನ ಮುಖ ನೋಡ್ಬೇಡ."

"ಕೊಡ್ತೀವಿ ಮೇಡಂ," ಎಂದಳು ಅಕ್ಕ. "ಆದ್ರೆ ಆಟವನ್ನೂ ತಗೋಬೇಕು, ಇವನನ್ನೂ ಸೇರಿಸಿ."

"ಅದ್ಯಾಕೆ?"

"ಈ ಟೂಲ್‌ಗೆ ಬರೋ ವಿದ್ಯೆಯೆಲ್ಲ ಇವನ ಆಟ ಕಲಿಸಿದ್ದು. ನಾಳೆ ನಿಮ್ಮವರಿಗೆ ಯಾರೂ ಕಂಡು ಕೇಳದ ತಪ್ಪೊಂದು ಎದುರಾಗುತ್ತೆ ನೋಡಿ, ಅದನ್ನ ಇವತ್ತೇ ಮಾಡಿ ಇಟ್ಟಿರೋನು ಇವನೊಬ್ಬನೇ."

ಮೇಡಂ ಕೈಚೀಲ ಇಳಿಸಿ ಮೇಜಿನ ಮೇಲಿಟ್ಟರು. ಕುರ್ಚಿಯನ್ನು ತಮ್ಮನ ಕಡೆ ತಿರುಗಿಸಿ ಕೇಳಿದರು: "ಹೌದಾ? ಹಾಗಾದ್ರೆ ಮುಂದಿನ ಆಟದಲ್ಲಿ ಏನೇನು ಕೆಡಿಸೋ ಯೋಚನೆ ಇದೆ?"