ಮುಂದಿನ ಗಾಲಿಗಳ ಬ್ರೇಕು

ಕಾರಿನ ಗಾಲಿಯ ನಟ್ಟು ಜಪ್ಪಯ್ಯ ಅನ್ನಲಿಲ್ಲ. ಮಹಾನಂದಾ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನಟ್ಟಿಗೆ ಸಿಕ್ಕಿಸಿದ ಪಾನಾದ ಹಿಡಿಯ ಮೇಲೆ ಎರಡೂ ಕಾಲಿಟ್ಟು ನಿಂತಳು. ಮೈಭಾರವೆಲ್ಲ ಬಿದ್ದ ಮೇಲೆ ಅದು ಕಟಕ್ ಎಂದು ಸಡಿಲಾಯಿತು.

"ಹಾಂ, ಈಗ ಜ್ಯಾಕ್ ಏರಸು," ಎಂದ ಗಂಡ ಸುಭಾಸ, ಅಂಗಳದ ಬೇವಿನ ನೆರಳಲ್ಲಿ ಕುರ್ಚಿಗೆ ಒರಗಿಕೊಂಡೇ. "ಹಿಂದಿನ ಗಾಲಿಗೆ ಕಲ್ಲ ಕೊಟ್ಟೀಯಿಲ್ಲೋ?"

"ಕೊಟ್ಟೇನ್ರಿ. ಎಷ್ಟ ಸಲ ಕೇಳತೀರಿ?"

ಹೂಲಿಯಿಂದ ಸವದತ್ತಿ, ಧಾರವಾಡ ಎಂದು ವರ್ಷಗಟ್ಟಲೆ ಬಾಡಿಗೆಗೆ ಕಾರು ಓಡಿಸಿದವನು ಸುಭಾಸ. ಗಾಡಿಯ ಸಣ್ಣಪುಟ್ಟ ಕೆಲಸಕ್ಕೆ ಗ್ಯಾರೇಜಿನ ಮೆಟ್ಟಿಲು ಹತ್ತಿದವನಲ್ಲ. ಮೂತ್ರಪಿಂಡ ಕೈಕೊಟ್ಟ ಮೇಲೆ ಸ್ಟೇರಿಂಗ್ ಹೆಂಡತಿಯ ಕೈಗೆ ಬಂತು. ಈಗ ಅದೇ ಕಾರಿನಲ್ಲಿ ಅವಳು ಅವನನ್ನು ಡಯಾಲಿಸಿಸ್‌ಗೆಂದು ಧಾರವಾಡಕ್ಕೆ ಕರೆದೊಯ್ಯುತ್ತಾಳೆ, ಕರೆತರುತ್ತಾಳೆ. ಬೆಳಗಾದರೆ ಮತ್ತೆ ಹೋಗಬೇಕು. ಹೋದ ಸಲ ಬರುವಾಗ ಬ್ರೇಕ್ ಒತ್ತಿದಾಗಲೆಲ್ಲ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು. ಗ್ಯಾರೇಜಿನವರು ವಾರ ಬಿಟ್ಟು ಬರ್ರಿ ಅಂದರು. ವಾರ ಬಿಡುವ ರೋಗವೇ ಅಲ್ಲ ಸುಭಾಸನದು. ಅಂಗಡಿಯಿಂದ ಹೊಸ ಡಿಸ್ಕು, ಪ್ಯಾಡು ತಂದು ತಾನೇ ಕೆಲಸಕ್ಕೆ ನಿಂತಿದ್ದಳು.

ಗಾಲಿ ಬಿಚ್ಚಿದಳು. ಅವನು ಹೇಳಿದಂತೆ ಪ್ಯಾಡು ಹಿಡಿದಿಡುವ ಕ್ಯಾಲಿಪರಿನ ಬೋಲ್ಟು ತೆಗೆದು, ಅದು ಪೈಪಿಗೆ ಜೋತು ಬೀಳದಂತೆ ತಂತಿಯಿಂದ ಮೇಲೆ ಕಟ್ಟಿದಳು. ಸವೆದ ಪ್ಯಾಡುಗಳು ಬೊಗಸೆಗೆ ಬಿದ್ದವು. ಮೇಲಿನ ಪದರು ತಿಂದುಹೋಗಿ ತಗಡು ಹೊಳೆಯುತ್ತಿತ್ತು. ಉಳಿದದ್ದು ಪ್ಯಾಡುಗಳ ನಡುವೆ ತಿರುಗುವ ಕಬ್ಬಿಣದ ತಟ್ಟೆ, ಡಿಸ್ಕು. ಅದು ತುಕ್ಕಿನಲ್ಲಿ ಕಚ್ಚಿಕೊಂಡು ಕೂತಿತ್ತು. ಹತೋಡಿಯಿಂದ ಬಡಿದಳು, ತಿರುವಿ ಬಡಿದಳು, ಕಡೆಗೆ ಭುಜ ಸೋತು ಹತೋಡಿ ನೆಲಕ್ಕಿಟ್ಟು ಅಲ್ಲೇ ಕೂತುಬಿಟ್ಟಳು.

ಕುರ್ಚಿ ಕಿರುಗುಟ್ಟಿತು. ತಲೆಯೆತ್ತುವಷ್ಟರಲ್ಲಿ ಸುಭಾಸ ಎರಡೂ ಕೈಯಲ್ಲಿ ಹತೋಡಿ ಎತ್ತಿ ನಿಂತಿದ್ದ. ಎಡಗೈಯಲ್ಲಿ, ಡಯಾಲಿಸಿಸ್ ಸೂಜಿ ಚುಚ್ಚಲೆಂದೇ ಡಾಕ್ಟರು ಕೂಡಿಸಿದ ನರ ಹಗ್ಗದಂತೆ ಉಬ್ಬಿತ್ತು. ಆ ಕೈಯಲ್ಲಿ ತುಂಬಿದ ಕೊಡ ಕೂಡ ಎತ್ತಬಾರದು.

"ಕೈ ತಗೀರಿ! ಆ ನರ ಹೋತಂದ್ರ ಸೂಜಿ ಎಲ್ಲಿ ಚುಚ್ಚತಾರ?" ಮಹಾನಂದಾ ಹತೋಡಿ ಕಸಿದುಕೊಂಡಳು.

ಅವನು ಹಿಂದೆ ಸರಿದ. ಇಷ್ಟಕ್ಕೇ ಉಸಿರು ಮೇಲೆ ಬಂದಿತ್ತು.

"ಬಿಟ್ಟ ಬಿಡು ಆ ಡಿಸ್ಕ್. ಬರೇ ಪ್ಯಾಡ್ ಹಾಕಿ ಮುಚ್ಚು."

"ಅದರ ಮೈ ನೋಡ್ರಿ, ಹೊಲಕ್ಕ ರಂಟಿ ಹೊಡದಂಗ ಗೆರಿ ಬಿದ್ದಾವು. ಹೊಸಾ ಪ್ಯಾಡ್ ಹಾಕಿದ್ರ ಎಷ್ಟ ದಿನಾ ತಡೀತಾವ?"

"ಒಂದೆರಡ ತಿಂಗಳ ತಡದ್ರ ಸಾಕಲ್ಲ? ಹೊಸಾ ಡಿಸ್ಕ್ ವರ್ಷಾನಗಟ್ಲೆ ಬಾಳತಾವ. ಅಷ್ಟ ದಿನದ್ದ ನನಗ್ಯಾಕ?"

ಇಂಥ ಮಾತು ಬಂದಾಗಲೆಲ್ಲ ಅವಳು ಮೊದಮೊದಲು ಅಳುತ್ತಿದ್ದಳು. ಆಮೇಲಾಮೇಲೆ "ಹಂಗ್ಯಾಕ ಅಂತೀರಿ" ಎಂದು ಬೆನ್ನು ಸವರುತ್ತಿದ್ದಳು. ಇಂದು ಎರಡಕ್ಕೂ ಮೈಯಲ್ಲಿ ಕಸುವು ಉಳಿದಿರಲಿಲ್ಲ.

"ಧಾರವಾಡಕ್ಕ ಹೋಗೂ ಮುಂದ ಮಾತಿಗಾದ್ರೂ ನೀವು ಇರತೀರಿ," ಎಂದಳು, ಕೈಯ ತುಕ್ಕು ನೋಡುತ್ತ. "ಬರೂ ಮುಂದ ನಿಮಗ ನಿದ್ದಿ. ಆ ಲಾರಿಗೋಳ ನಡುವ ಎಚ್ಚರ ಇರಾಕಿ ನಾ ಒಬ್ಬಾಕೀನ. ನಿಮಗ ಬ್ಯಾಡಾದ್ರ ಬಿಡ್ರಿ. ನನಗ ಬ್ರೇಕ್ ಬೇಕು."

ಹೇಳಿದ ಮೇಲೆ ಅದೆಷ್ಟು ಖಾರವಾಗಿತ್ತೆಂದು ಅವಳಿಗೇ ತಿಳಿಯಿತು. ಆದರೂ ಹಿಂತೆಗೆದುಕೊಳ್ಳಲಿಲ್ಲ. ಎದ್ದು, ಸಿಟ್ಟು ಯಾರ ಮೇಲೆಂದು ಗೊತ್ತಿಲ್ಲದೆ ಬಡಿದಳು. ಡಿಸ್ಕು ಕಳಚಿ ಕಾಲ ಬಳಿ ಉರುಳಿತು.

ಹೊಸದಕ್ಕೆ ಕೈ ಚಾಚಿ ತಿರುಗಿದರೆ ಅದು ಡಬ್ಬಿಯಲ್ಲಿರಲಿಲ್ಲ. ಸುಭಾಸ ಅದನ್ನು ತೊಡೆಯ ಮೇಲಿಟ್ಟುಕೊಂಡು, ಪೆಟ್ರೋಲಿನ ಅರಿವೆಯಿಂದ ಅದರ ಎಣ್ಣೆಜಿಡ್ಡು ಒರೆಸುತ್ತಿದ್ದ. ಒಂದು ಮಗ್ಗುಲು ಮುಗಿಸಿ ಇನ್ನೊಂದು ಮಗ್ಗುಲು ತಿರುವಿದ. ಅವಳ ಮುಂದೆ ಹಿಡಿದ.

ಆಚೆಯ ಗಾಲಿಯೂ ಮುಗಿಯುವ ಹೊತ್ತಿಗೆ ನೆರಳು ಅಂಗಳ ದಾಟಿತ್ತು. ಅವಳು ಕಾರಿನಲ್ಲಿ ಕೂತು ಚಾವಿ ತಿರುವಲು ಹೋದಳು.

"ಏ, ಈಗ ಬ್ಯಾಡ!" ಅವನು ಕೂಗಿದ. "ಮೊದಲ ಪೆಡಲ್ ಒತ್ತಿ ಒತ್ತಿ ಬಿಡು. ಗಟ್ಟಿ ಆಗೂತನಕ."

ಮೊದಲು ಪೆಡಲು ತಳಕ್ಕೇ ಇಳಿಯಿತು. ಒತ್ತುತ್ತ ಹೋದಂತೆ ಅದು ಮೆಲ್ಲಗೆ ಬಿಗಿಯಾಗಿ ಕಾಲಿಗೆ ಎದುರು ನಿಂತಿತು.

"ಸವದತ್ತಿ ದಾರಿ ಇಳುಕಲ ತನಕ ಹೋಗಿ ನೋಡಿ ಬರತೇನಿ. ನೀವು ಒಳಗ ಹೋಗಿ ಅಡ್ಡಾಗ್ರಿ. ಬ್ರೇಕ್ ಹಿಡೀತಾವೋ ಇಲ್ಲೋ ಗೊತ್ತಿಲ್ಲ."

ಅವನು ಆಗಲೇ ಆಚೆಯ ಬಾಗಿಲು ತೆಗೆದು ಕೂತಿದ್ದ. "ಗೊತ್ತೈತಿ. ನಡಿ."

ಓಣಿ ದಾಟುವತನಕ ಅವಳು ನಿಧಾನಕ್ಕೆ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದಳು. ಸದ್ದಿರಲಿಲ್ಲ. ಸವದತ್ತಿ ದಾರಿಯ ಇಳುಕಲಿನಲ್ಲಿ ಕಾರು ತಾನಾಗಿ ವೇಗ ಹಿಡಿಯಿತು. ಅಷ್ಟರಲ್ಲಿ ಹೊಲದ ದಾರಿಯಿಂದ ಕಬ್ಬು ಹೇರಿದ ಟ್ರ್ಯಾಕ್ಟರು ಹಿಂದೆಮುಂದೆ ನೋಡದೆ ರಸ್ತೆಗೆ ಮೂಗು ಚಾಚಿತು.

ಮಹಾನಂದಾ ಒತ್ತಿದಳು. ಕಾರು ಒಂದಿಷ್ಟೂ ಓಲಾಡದೆ ನೆಟ್ಟಗೆ ನಿಂತಿತು. ಟ್ರ್ಯಾಕ್ಟರಿನ ಹಿಂದೆ ಜೋತ ಕಬ್ಬಿನ ಸೋಗೆ ಬಾನೆಟ್ಟು ಸವರಿಕೊಂಡು ಹೋಯಿತು.

ಅವಳು ಉಸಿರು ಬಿಟ್ಟು, ಹ್ಯಾಂಡ್‌ಬ್ರೇಕು ಎಳೆದು ಕಾಲು ತೆಗೆದು, ಹೆಂಗೈತಿ ಎಂದು ಕೇಳಲು ಪಕ್ಕಕ್ಕೆ ತಿರುಗಿದಳು. ಸುಭಾಸ ಕೂತ ಕಡೆ ಕಾಲಡಿ ಪೆಡಲು ಇರಲಿಲ್ಲ, ಇದ್ದದ್ದು ಬರಿಯ ಮ್ಯಾಟು. ಅವನ ಬಲಗಾಲು ಆ ಮ್ಯಾಟನ್ನು, ಹೆಬ್ಬೆರಳು ಬಿಳಿಚುವಷ್ಟು ಬಿಗಿಯಾಗಿ, ಇನ್ನೂ ಒತ್ತಿ ಹಿಡಿದಿತ್ತು.