ಪಾರಿವಾಳಕ್ಕೊಂದು ಲೈಸೆನ್ಸ್

ಇದು ನಿಜವಾಗಿ ನಡೆದ ಕಥೆ. ನಡೆದದ್ದು ಕಡಿಮೆ, ಹಾರಿದ್ದೇ ಹೆಚ್ಚು.

“ಹಲೋ, ನಾಗರಿಕ ವಿಮಾನಯಾನ ಪ್ರಾಧಿಕಾರ, ದಿಲ್ಲಿ. ಪೀರಸಾಬ್ ಆಪ್ ಹೀ ಹೈ ಕ್ಯಾ?”

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದ ಪೀರಸಾಬರು ಮಷಿನ್ ನಿಲ್ಲಿಸಿದರು. “ಹೌದ್ರೀ ಸಾಹೇಬ್ರ.”

“ನಿಮ್ಮ ಹತ್ತಿರ ಮೂವತ್ತು ಹಾರುವ ವಸ್ತು ಇವೆ ಅಂತ ದೂರು ಬಂದಿದೆ.”

“ವಸ್ತು ಅಲ್ರೀ, ಪಾರಿವಾಳ.”

“ಹಾರ್ತಾವಾ?”

“ಹಾರ್ತಾವ್ರಿ.”

“ಹಾಗಾದ್ರೆ ನಮ್ಮ ಇಲಾಖೆಗೇ ಸೇರಿದವು. ನೋಂದಣಿ ಎಲ್ಲಿ? ಹಾರಾಟಕ್ಕೆ ಯೋಗ್ಯ ಅಂತ ಸರ್ಟಿಫಿಕೇಟ್ ಎಲ್ಲಿ? ಪೈಲಟ್ ಲೈಸೆನ್ಸ್ ಯಾರ ಹೆಸರಲ್ಲಿದೆ?”

“ಪೈಲಟ್ ಅವಽ ಅದಾವ್ರಿ.”

“ಸಿರುಗುಪ್ಪ-ಬಳ್ಳಾರಿ ವಾಯುಮಾರ್ಗ ಯಾರನ್ನ ಕೇಳಿ ಬಳಸಿದ್ರಿ?”

ಪೀರಸಾಬರು ತಲೆಯ ಮೇಲೆ ಕೈ ಹೊತ್ತರು. ವಾರಕ್ಕೊಮ್ಮೆ ಹಕ್ಕಿಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಬಸ್ಸು ಹತ್ತಿ, ಸಿರುಗುಪ್ಪದಲ್ಲಿ ಹಾರಿಬಿಡುವುದು ಅವರ ಹುಚ್ಚು. ಅವರು ವಾಪಸು ಬರುವ ಹೊತ್ತಿಗೆ ಹಕ್ಕಿಗಳು ಮಾಳಿಗೆಯಲ್ಲಿ ಕಾಳು ಕೇಳುತ್ತಾ ಕೂತಿರುತ್ತಿದ್ದವು.

ಫೋನಿನ ಆ ತುದಿಯಲ್ಲಿ ಮೂಗು ಹಿಡಿದುಕೊಂಡು ದಿಲ್ಲಿಯಾಗಿದ್ದವನು ಅದೇ ಓಣಿಯ ವೇದವ್ಯಾಸ. ಕೋಚಿಂಗ್ ಸೆಂಟರಿನಲ್ಲಿ ಸಾಮಾನ್ಯ ಜ್ಞಾನದ ಮೇಷ್ಟ್ರು. ವಿಮಾನಗಳ ನೋಂದಣಿ, ಪೈಲಟ್‌ಗಳ ಪರೀಕ್ಷೆ, ಸುರಕ್ಷತೆಯ ತಪಾಸಣೆ, ಇವೆಲ್ಲ ಪ್ರಾಧಿಕಾರದ ಕೆಲಸ ಎಂದು ಹಿಂದಿನ ದಿನವಷ್ಟೇ ಪಾಠ ಮಾಡಿದ್ದ. ವಿದ್ಯಾರ್ಥಿಗಳು ನಿದ್ದೆ ಮಾಡಿದ್ದರು. ಪಾಠ ವ್ಯರ್ಥವಾಗಬಾರದಲ್ಲ. ಬಸ್ ಸ್ಟ್ಯಾಂಡಿನ ಮೈಕಿನಿಂದ ಹಿಡಿದು ತಹಶೀಲ್ದಾರರ ಕೆಮ್ಮಿನವರೆಗೆ ಅವನಿಗೆ ಬಾರದ ದನಿಯಿರಲಿಲ್ಲ.

ಪೀರಸಾಬರಿಗೆ ಮೊದಲೇ ತಲೆಬಿಸಿ. ಮನೆ ಮಾಲೀಕರು ಮೇಲೊಂದು ಅಂತಸ್ತು ಕಟ್ಟಿಸಲು ಹೊರಟಿದ್ದರು. ಶುಕ್ರವಾರದೊಳಗೆ ಹಕ್ಕಿಗಳು ಮಾಳಿಗೆ ಬಿಡಬೇಕು. ಬೇರೆ ಜಾಗ ಸಿಗದಿದ್ದರೆ ಕುರುಗೋಡಿನ ಎರ್ರಣ್ಣ ಒಯ್ಯಲು ತಯಾರಾಗಿದ್ದ. ಎರ್ರಣ್ಣನಿಗೆ ಪಾರಿವಾಳ ಸಾಕುವುದಕ್ಕಿಂತ ಸಾರು ಮಾಡುವುದರಲ್ಲಿ ಆಸಕ್ತಿ.

ವೇದವ್ಯಾಸನ ಮಾಳಿಗೆಯಲ್ಲಿ ಜಾಗ ಕೇಳಿಯೂ ಆಗಿತ್ತು. “ನಮ್ಮಮ್ಮಂದು ಮಡಿ ಕಾಕಾ. ಹಕ್ಕಿ ಅಂದ್ರ ಮನೀನೇ ತೊಳೀತಾಳ” ಎಂದು ಅವನು ಅಲ್ಲೇ ಮುಗಿಸಿದ್ದ. ಅಮ್ಮನನ್ನು ಮಾತ್ರ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಹೀರುತ್ತಿದ್ದಾಗ ಅವನ ಮೊಬೈಲು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಅಮ್ಮ ಇಂದಿರಾಬಾಯಿ ಕರಿಬೇವಿಗೆಂದು ಪೀರಸಾಬರ ಹೆಂಡತಿ ಗುಲ್ಜಾರಬೀಯವರ ಮನೆಗೆ ಹೋಗಿದ್ದರು.

“ವೇದವ್ಯಾಸ್ ಜೀ? ವಿಮಾನಯಾನ ಪ್ರಾಧಿಕಾರ. ಅಸಲಿ ಪ್ರಾಧಿಕಾರ.” ಹೆಣ್ಣುದನಿ. ಫ್ರಿಜ್ಜಿನಿಂದ ತೆಗೆದಂತಿತ್ತು. “ನಿನ್ನೆ ನಮ್ಮ ಹೆಸರಲ್ಲಿ ಫೋನ್ ಮಾಡಿದ್ದೀರಿ.”

ಕಾಫಿ ನೆತ್ತಿಗೇರಿತು. “ತಮಾಷೆಗೆ ಮಾಡಿದ್ದು ಮೇಡಂ...”

“ತಮಾಷೆಗೆ ಸರ್ಕಾರ ಆಗ್ತೀರಾ? ನಾವು ಇಷ್ಟು ವರ್ಷದಿಂದ ಸರ್ಕಾರ, ಒಂದು ದಿನಾನೂ ತಮಾಷೆ ಮಾಡಿಲ್ಲ.”

“ತಪ್ಪಾಯ್ತು ಮೇಡಂ. ಕೇಸು ಗೀಸು ಬ್ಯಾಡ್ರಿ. ನೌಕರಿ ಹೋಗ್ತದ.”

“ಹಾಗಾದ್ರೆ ಆ ಮೂವತ್ತೂ ನಿಮ್ಮ ಮಾಳಿಗೆಯಲ್ಲಿ ಇಳೀಬೇಕು. ನೀರಿನ ಟ್ಯಾಂಕ್ ಹಿಂದೆ ಖಾಲಿ ಕೋಣೆ ಇದೆಯಲ್ಲ, ಅದೇ ಹ್ಯಾಂಗರ್.”

“ಕೋಣಿ ಅದ ಅಂತ ನಿಮಗ ಹೆಂಗ...”

“ಉಪಗ್ರಹ.”

ವೇದವ್ಯಾಸ ಸೂರನ್ನೇ ಭಯದಿಂದ ನೋಡಿದ. ಕೊನೆಯದಾಗಿ ಕನಿಕರ ಬೇಡಿದ. “ನಮ್ಮಮ್ಮ ಒಪ್ಪೋದಿಲ್ರಿ ಮೇಡಂ. ಆಕೀ ಬಾಯಿ ನಿಮಗ ಗೊತ್ತಿಲ್ಲ. ತುಂಗಭದ್ರಾ ಕಾಲುವಿ ಇದ್ದಂಗ, ಗೇಟೇ ಇಲ್ಲ.”

ಆ ಕಡೆ ಬಳೆಗಳು ಸದ್ದು ಮಾಡಿದವು.

“ಮುಂದುವರಿಸಿ. ರೆಕಾರ್ಡ್ ಆಗ್ತಿದೆ.”

“ಅಡಿಗಿನೂ ಅಷ್ಟಕ್ಕಷ್ಟೇರಿ. ಒಟ್ಟು ಕಷ್ಟದಾಗಿದ್ದೀನಿ.”

“ಅವರನ್ನ ಒಪ್ಪಿಸೋದು ನಿಮ್ಮ ಕೆಲಸ. ಶುಕ್ರವಾರದೊಳಗೆ.” ಫೋನು ಕಟ್ಟಾಯಿತು.

ಅಮ್ಮ ಕರಿಬೇವು ಹಿಡಿದು ಬಂದಾಗ ಮಗ ಬಾಗಿಲಲ್ಲೇ ನಿಂತಿದ್ದ.

“ಅಮ್ಮಾ, ಪಕ್ಷಿಗೆ ಜಾಗಾ ಕೊಟ್ರ ಭಾಳ ಪುಣ್ಯ ಅಂತ.”

“ಪುಣ್ಯ ನಮಗ ಬಂದ್ರ, ಹಿಕ್ಕಿ ಯಾರ ಪಾಲಿಗೋ?”

“ನಾನ ಬಳೀತೀನಿ.”

“ದಿನಾ?”

“ದಿನಾ.”

“ಮೂಗು ಹಿಡ್ಕೊಳ್ಳದಂಗ?”

“ರಾಯರಾಣೆ!”

ಇಂದಿರಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ನಡೆದರು. ಸಿಟ್ಟು ನುಂಗಿಕೊಂಡರೆಂದು ಮಗ ತಿಳಿದ.

ಗುರುವಾರ ಸಂಜೆ ಪೀರಸಾಬರು ಬುಟ್ಟಿಗಳ ಸಮೇತ ಬಂದರು. ವೇದವ್ಯಾಸ ತಾನೇ ಒಂದೊಂದನ್ನೂ ಹೊತ್ತು ಮೇಲಕ್ಕೆ ಸಾಗಿಸಿದ. ಕೋಣೆ ಗುಡಿಸಿದ, ಕಿಟಕಿಗೆ ಜಾಲರಿ ಬಡಿದ. ಅಷ್ಟರಲ್ಲಿ ಕುರುಗೋಡಿನಿಂದ ಫೋನು ಬಂತು. “ಸಾರಿಗೆ ಬ್ಯಾರೆ ಏನರ ನೋಡ್ಕೋ ಎರ್ರಣ್ಣ” ಎಂದರು ಪೀರಸಾಬರು. ಕಣ್ಣಂಚು ಒದ್ದೆಯಾಗಿತ್ತು.

ವೇದವ್ಯಾಸ ದನಿ ತಗ್ಗಿಸಿದ. “ಕಾಕಾ, ದಿಲ್ಲಿಯವರು ಮತ್ತ ಫೋನ್ ಮಾಡಿದ್ರೇನು?”

“ಯಾವ ದಿಲ್ಲಿಪ? ನೀ ಮಾಡಿದ ಮ್ಯಾಲ ಯಾರೂ ಮಾಡಿಲ್ಲ.”

ಕೈಯ ಕಸಬರಿಗೆ ನಿಂತಿತು. “ನಾನು ಅಂತ ಗೊತ್ತಿತ್ತಾ?”

“ನಮ್ಮ ಓಣ್ಯಾಗ ಸರ್ಕಾರ ಮೂಗು ಹಿಡ್ಕೊಂಡು ಮಾತಾಡಿದ್ರ, ಅದು ನೀನಽ ಅಂತ ಕೂಸಿಗೂ ಗೊತ್ತೈತಿ. ಆವತ್ತಽ ಬಂದು ಹೇಳಬೇಕಾದವ್ರ ಮುಂದ ಹೇಳಿ ಹೋಗೀನಿ.”

“ಮತ್ತ ನನಗ ಫೋನ್ ಮಾಡಿದ ಆ ಮೇಡಂ...?”

ಮೆಟ್ಟಿಲ ಕಡೆಯಿಂದ ಫ್ರಿಜ್ಜಿನ ತಣ್ಣನೆಯ ದನಿ ಬಂತು. “ವೇದವ್ಯಾಸ್ ಜೀ, ಅಷ್ಟಕ್ಕಷ್ಟೇ ಅಡಿಗೆ ತಯಾರಿದೆ. ಊಟಕ್ಕೆ ಬರ್ತೀರಾ?”

ತಿರುಗಿ ನೋಡಿದರೆ ಇಂದಿರಾಬಾಯಿ, ಕೈಯಲ್ಲಿ ಗುಲ್ಜಾರಬೀಯವರ ಮೊಬೈಲು. “ಮೊದ್ಲೇ ಒಂದು ಮಾತು ಕೇಳಿದ್ರ ಹೂಂ ಅಂತಿದ್ದೆನಲ್ಲೋ, ಹುಚ್ಚಪ್ಪಾ” ಎಂದರು, ಈಗ ತಮ್ಮದೇ ದನಿಯಲ್ಲಿ. ಓಣಿಯ ತುದಿಯವರೆಗೂ ಕೇಳಿಸಿದ ನಗು ಮಾತ್ರ ಅವರದಲ್ಲ, ಪೀರಸಾಬರದೂ ಅಲ್ಲ. ಕಸಬರಿಗೆ ತಬ್ಬಿಕೊಂಡು ನೆಲಕ್ಕೆ ಕುಸಿದಿದ್ದ ವೇದವ್ಯಾಸನದು.